ಕನ್ಯೆಯ ಹೆಸರು ಹೊತ್ತ ಪೆಟ್ಟಿಗೆ

1613ರ ಡಿಸೆಂಬರ್‌ನಲ್ಲಿ ಕ್ಯಾಂಟರ್ಬರಿಯ ಆರ್ಚ್‌ಬಿಷಪ್ ಜಾರ್ಜ್ ಅಬಟ್, ಬ್ರಸೆಲ್ಸ್‌ನಲ್ಲಿದ್ದ ಇಂಗ್ಲೆಂಡಿನ ರಾಜತಾಂತ್ರಿಕ ಪ್ರತಿನಿಧಿ ವಿಲಿಯಂ ಟ್ರಂಬಲ್‌ಗೆ ಒಂದು ಕಾಗದ ಬರೆದ. ಲಂಡನ್ನಿನಿಂದ ಓಡಿಹೋಗಿ ಬ್ರಸೆಲ್ಸ್ ಸೇರಿಕೊಂಡಿದ್ದ ಒಬ್ಬ ಸಂಗೀತಗಾರನ ಮೇಲಿನ ದೂರು ಅದು. ಈ ಮನುಷ್ಯನಲ್ಲಿ ಸಂಗೀತ ಇರುವಷ್ಟು ಪ್ರಾಮಾಣಿಕತೆ ಇಲ್ಲ, ಆರ್ಗನ್ ಮತ್ತು ವರ್ಜಿನಲ್‌ಗಳ ಮೇಲೆ ಬೆರಳಾಡಿಸುವುದಕ್ಕೆ ಎಷ್ಟು ಹೆಸರುವಾಸಿಯೋ ಕನ್ಯತ್ವ ಕೆಡಿಸುವುದಕ್ಕೂ ಅಷ್ಟೇ ಹೆಸರುವಾಸಿ ಎಂಬುದು ಅದರ ಸಾರಾಂಶ. ಇಡೀ ದೇಶದ ಚರ್ಚಿಗೆ ಹಿರಿಯನಾದವನು ಸಿಟ್ಟಿನ ನಡುವೆಯೂ ಶ್ಲೇಷೆಯನ್ನು ಕೈಬಿಟ್ಟಿರಲಿಲ್ಲ.

ಶ್ಲೇಷೆ ಇರುವುದು ವಾದ್ಯದ ಹೆಸರಿನಲ್ಲೇ. ಇಂಗ್ಲಿಷಿನಲ್ಲಿ 'ವರ್ಜಿನಲ್' ಅಂದರೆ ಕನ್ಯೆಗೆ ಸೇರಿದ್ದು, ಅವಳ ಮುಗ್ಧತೆ, ಅವಳ ಶೀಲ. ಅದೇ ಪದ ಒಂದು ತಂತಿವಾದ್ಯದ ಹೆಸರೂ ಹೌದು. ಆಯತಾಕಾರದ ಮರದ ಪೆಟ್ಟಿಗೆ, ಉದ್ದದ ಬದಿಗೆ ಕೀಲಿಮಣೆ, ಒಳಗೆ ಅಡ್ಡಲಾಗಿ ಬಿಗಿದ ಲೋಹದ ತಂತಿಗಳು, ಮೇಲೊಂದು ಮುಚ್ಚಳ. ಪಿಯಾನೊ ಹುಟ್ಟುವುದಕ್ಕಿಂತ ಎರಡು ಶತಮಾನಕ್ಕೂ ಹಿಂದೆ ಯುರೋಪಿನ ಮನೆಗಳಿಗೆ ಬಂದ ಇದನ್ನು ಮೇಜಿನ ಮೇಲಿಟ್ಟು ನುಡಿಸಬಹುದಿತ್ತು. ಕತ್ತರಿಯನ್ನು 'ಒಂದು ಜೊತೆ' ಅನ್ನುವ ಇಂಗ್ಲಿಷರು ಇದನ್ನೂ, ಇರುವುದು ಒಂದೇ ಆದರೂ, 'ಒಂದು ಜೊತೆ ವರ್ಜಿನಲ್ಸ್' ಅನ್ನುತ್ತಿದ್ದರು.

ಓಡಿಹೋದ ಸಂಗೀತಗಾರನ ಹೆಸರು ಜಾನ್ ಬುಲ್. ಆ ಕಾಲದ ಇಂಗ್ಲೆಂಡಿನಲ್ಲಿ ಕೀಲಿಮಣೆಯ ಮೇಲೆ ಅವನಷ್ಟು ಬಿರುಸಾಗಿ ಕೈ ಓಡಿಸುವವರು ಇರಲಿಲ್ಲ. ಲಂಡನ್ನಿನ ಗ್ರೆಶಾಮ್ ಕಾಲೇಜಿಗೆ 1597ರಲ್ಲಿ ಮೊದಲ ಸಂಗೀತ ಪ್ರಾಧ್ಯಾಪಕನಾದ. ಆ ಹುದ್ದೆಯಲ್ಲಿ ಇರುವವನು ಮದುವೆಯಾಗುವಂತಿರಲಿಲ್ಲ. ಮದುವೆಗೆ ಮುಂಚೆಯೇ ತಂದೆಯಾದ ಬುಲ್ 1607ರಲ್ಲಿ ಮದುವೆಯಾಗಬೇಕಾಯಿತು, ಹುದ್ದೆ ಹೋಯಿತು. ಆಮೇಲೆ ಅರಮನೆಯ ಕೆಲಸ, ರಾಜಕುಮಾರಿಗೆ ಸಂಗೀತ ಪಾಠ. 1613ರಲ್ಲಿ ವ್ಯಭಿಚಾರದ ಆಪಾದನೆ ಬಂದಾಗ ಸಮುದ್ರ ದಾಟಿದ. ತಾನು ಕ್ಯಾಥೊಲಿಕ್ ಎಂಬ ಕಾರಣಕ್ಕೆ ಕಿರುಕುಳ ಕೊಟ್ಟರೆಂದು ಅವನು ಹೇಳಿಕೊಂಡ. ಮತ್ತೆ ಇಂಗ್ಲೆಂಡಿನ ನೆಲ ಮೆಟ್ಟಲಿಲ್ಲ. 1617ರಲ್ಲಿ ಆಂಟ್ವರ್ಪ್ ಕೆಥೀಡ್ರಲ್‌ನ ಆರ್ಗನ್ ವಾದಕನಾಗಿ, 1628ರಲ್ಲಿ ಅಲ್ಲೇ ತೀರಿಕೊಂಡ. ಜಗತ್ತಿನ ಅತ್ಯುತ್ತಮ ವರ್ಜಿನಲ್‌ಗಳು ತಯಾರಾಗುತ್ತಿದ್ದ ಊರೇ ಅವನಿಗೆ ಆಶ್ರಯ ಕೊಟ್ಟಿತು ಎನ್ನುವುದು ಆರ್ಚ್‌ಬಿಷಪ್ಪನಿಗೆ ಖಂಡಿತ ಹಿಡಿಸಿರಲಾರದು.

ವಾದ್ಯಕ್ಕೆ ಈ ಹೆಸರು ಯಾಕೆ ಬಂತು? ಇಂಗ್ಲೆಂಡಿನಲ್ಲಿ ಬಹುಕಾಲ ಚಲಾವಣೆಯಲ್ಲಿದ್ದ ಉತ್ತರ: ಮದುವೆಯಾಗದೇ ಉಳಿದ ಮೊದಲನೇ ಎಲಿಜಬೆತ್ ರಾಣಿ ಇದನ್ನು ನುಡಿಸುತ್ತಿದ್ದಳು, ಅವಳ ಗೌರವಕ್ಕೆ ಈ ಹೆಸರು. ಕೇಳಲು ಚೆನ್ನಾಗಿದೆ, ಆದರೆ ಲೆಕ್ಕ ಕೂಡುವುದಿಲ್ಲ. ಎಲಿಜಬೆತ್ ಹುಟ್ಟಿದ್ದು 1533ರಲ್ಲಿ. ಅದಕ್ಕೆ ಮೂರು ವರ್ಷ ಮುಂಚೆ, 1530ರಲ್ಲಿ, ಅವಳ ಅಪ್ಪ ಎಂಟನೇ ಹೆನ್ರಿಯ ಖರ್ಚಿನ ಲೆಕ್ಕದಲ್ಲಿ ವರ್ಜಿನಲ್ಸ್ ಕೊಂಡದ್ದಕ್ಕೆ ಹಣ ಕೊಟ್ಟ ನಮೂದು ಸಿಗುತ್ತದೆ. ಇನ್ನೂ ಹಿಂದೆ, ಸುಮಾರು 1460ರಲ್ಲಿ, ಪ್ರಾಗ್ ನಗರದ ಪಾವ್ಲಸ್ ಪಾವ್ಲಿರಿನಸ್ ಎಂಬ ವಿದ್ವಾಂಸ ತನ್ನ ಲ್ಯಾಟಿನ್ ಗ್ರಂಥದಲ್ಲಿ ಈ ವಾದ್ಯವನ್ನು ಬಣ್ಣಿಸಿದ್ದಾನೆ. ಕನ್ಯೆಯ ಕಂಠದಂತೆ ಮೃದುವಾಗಿ ಇಂಪಾಗಿ ನುಡಿಯುವುದರಿಂದ ಈ ಹೆಸರು ಎಂಬುದು ಅವನ ವಿವರಣೆ. ಲ್ಯಾಟಿನ್ನಿನಲ್ಲಿ ಕಡ್ಡಿಗೆ 'ವಿರ್ಗಾ' ಎನ್ನುತ್ತಾರೆ, ತಂತಿ ಮೀಟುವ ಮರದ ಕಡ್ಡಿಗಳಿಂದ ಹೆಸರು ಬಂದಿರಬೇಕು ಎಂಬ ವಾದವೂ ಇದೆ. 1656ರಲ್ಲಿ ಇಂಗ್ಲಿಷ್ ಪದಕೋಶ ಬರೆದ ಥಾಮಸ್ ಬ್ಲೌಂಟ್ ಇದಾವುದರ ಗೋಜಿಗೂ ಹೋಗದೆ, ಹೆಚ್ಚಾಗಿ ಕನ್ಯೆಯರೇ ನುಡಿಸುವುದರಿಂದ ಹಾಗನ್ನುತ್ತಾರೆ ಎಂದುಬಿಟ್ಟ.

ನನಗೆ ಪದದ ಬೇರಿಗಿಂತ ಬ್ಲೌಂಟನ ಮಾತು ಮುಖ್ಯ ಅನ್ನಿಸುತ್ತದೆ. ಹೆಸರು ಎಲ್ಲಿಂದಲೇ ಬಂದಿರಲಿ, ಜನ ಅದನ್ನು ನಂಬಿದ್ದು ಹಾಗೆ. ಮನೆಯೊಳಗೆ ಇರಬೇಕು, ಮೆಲ್ಲಗೆ ನುಡಿಯಬೇಕು, ಯಾರೂ ಇಲ್ಲದಾಗ ಮುಚ್ಚಿಕೊಂಡಿರಬೇಕು: ಆ ಕಾಲ ಹೆಣ್ಣುಮಕ್ಕಳಿಂದ ಏನನ್ನು ಬಯಸಿತೋ ಅದನ್ನೆಲ್ಲ ಈ ಪೆಟ್ಟಿಗೆಯ ಮೇಲೂ ಹೇರಿತು. ಪೆಟ್ಟಿಗೆ ಆ ಮಾತು ಕೇಳಲಿಲ್ಲ, ನುಡಿಸಿದ ಹೆಂಗಸರಲ್ಲೂ ಅನೇಕರು ಕೇಳಲಿಲ್ಲ.

ಇಟಲಿಯ ಕಾಸ್ಟಿಲ್ಯೋನೆ 1528ರಲ್ಲಿ ಪ್ರಕಟಿಸಿದ, ಆಸ್ಥಾನಿಕರ ನಡೆನುಡಿ ಕುರಿತ ಪುಸ್ತಕ ಯುರೋಪಿನ ಸಿರಿವಂತರ ಮನೆಗಳಲ್ಲಿ ಕೈಪಿಡಿಯಂತಿತ್ತು. ನಗಾರಿ, ಕೊಳಲು, ಕಹಳೆ ಹೆಂಗಸರಿಗೆ ಒಪ್ಪುವುದಿಲ್ಲ, ಅವುಗಳ ಗಡುಸು ಹೆಣ್ಣಿನ ಮಾಧುರ್ಯವನ್ನು ಕೆಡಿಸುತ್ತದೆ ಎಂಬ ಮಾತು ಅದರಲ್ಲಿ ಬರುತ್ತದೆ. ಊದಿದರೆ ಮುಖ ವಿಕಾರವಾಗುತ್ತದೆ. ವಯೋಲ್ ವಾದ್ಯವನ್ನು ಕಾಲುಗಳ ನಡುವೆ ಹಿಡಿದು ಕೂರಬೇಕು, ಅದೂ ಮರ್ಯಾದೆಯಲ್ಲ. ವರ್ಜಿನಲ್ ಮುಂದೆ ಮಾತ್ರ ಬೆನ್ನು ನೆಟ್ಟಗೆ ಇಟ್ಟು, ಮೊಣಕೈ ಪಕ್ಕಕ್ಕೆ ಒತ್ತಿ, ಮುಖದ ಒಂದು ಗೆರೆಯೂ ಕದಲದಂತೆ ಕೂರಬಹುದು, ನಿಲ್ಲಲೂಬಹುದು. ವರನ ಕಡೆಯವರಿಗೆ ತೋರಿಸಿಕೊಳ್ಳಲು ಹೇಳಿಮಾಡಿಸಿದ ವಾದ್ಯ. ಒಂದೇ ತೊಂದರೆ, ಪಾಠ ಹೇಳಲು ಗಂಡು ಮೇಷ್ಟ್ರು ಮನೆಗೆ ಬರಬೇಕು, ಪಕ್ಕದಲ್ಲಿ ಕೂರಬೇಕು, ಕೈ ಹಿಡಿದು ಬೆರಳು ತಿದ್ದಬೇಕು. ಆ ಕಾಲದ ನಾಟಕಗಳ ಪೋಲಿ ಹಾಸ್ಯದ ಅರ್ಧ ಸರಕು ಇಲ್ಲಿಂದಲೇ ಬಂದದ್ದು. ಶೇಕ್ಸ್‌ಪಿಯರ್ 'ದ ವಿಂಟರ್ಸ್ ಟೇಲ್' ನಾಟಕದಲ್ಲಿ ವಾದ್ಯದ ಹೆಸರನ್ನೇ ಕ್ರಿಯಾಪದ ಮಾಡಿಬಿಟ್ಟ. ಹೆಂಡತಿಯ ಬೆರಳುಗಳು ಗೆಳೆಯನ ಅಂಗೈ ಮೇಲೆ ವರ್ಜಿನಲ್ ನುಡಿಸುತ್ತಿವೆ ಎಂದು ರಾಜ ಲಿಯಾಂಟಿಸ್‌ಗೆ ಕಾಣುತ್ತದೆ, ಅವನ ಸಂಶಯರೋಗ ಅಲ್ಲಿಂದ ಏರುತ್ತದೆ. 1609ರಲ್ಲಿ ಅಚ್ಚಾದ ಅವನ ಸಾನೆಟ್‌ಗಳಲ್ಲಿ 128ನೆಯದರ ನಾಯಕನಂತೂ ಪ್ರೇಯಸಿಯ ಕೈಯನ್ನು ಮುದ್ದಿಸುವ ಮರದ ಪಟ್ಟಿಗಳ ಮೇಲೆ ಹೊಟ್ಟೆಕಿಚ್ಚು ಪಡುತ್ತಾನೆ. (ವಾದ್ಯ ಬಿಚ್ಚಿ ನೋಡಿದವರಿಗೆ ಗೊತ್ತು, ಆ ಪಟ್ಟಿಗಳು ಇರುವುದು ಒಳಗೆ, ನುಡಿಸುವವರ ಕೈಗೆ ತಾಗುವುದೇ ಇಲ್ಲ. ಕವಿಗೆ ಅದು ಬೇಕಿರಲಿಲ್ಲ.)

ಎಲಿಜಬೆತ್ ರಾಣಿಯಿಂದ ಹೆಸರು ಬರಲಿಲ್ಲ ಎಂದ ಮಾತ್ರಕ್ಕೆ ಅವಳನ್ನು ಈ ಕತೆಯಿಂದ ಬಿಡುವಂತಿಲ್ಲ. 1564ರಲ್ಲಿ ಸ್ಕಾಟ್ಲೆಂಡಿನ ರಾಣಿ ಮೇರಿಯ ದೂತನಾಗಿ ಸರ್ ಜೇಮ್ಸ್ ಮೆಲ್ವಿಲ್ ಲಂಡನ್ನಿಗೆ ಬಂದಿದ್ದ. ಎಲಿಜಬೆತ್‌ಗೆ ಆಗ 31 ವರ್ಷ. ನಿಮ್ಮ ರಾಣಿಯ ಕೂದಲು ಚೆನ್ನವೋ ನನ್ನದೋ, ಯಾರು ಹೆಚ್ಚು ಎತ್ತರ ಎಂದು ಅವನನ್ನು ಪೀಡಿಸಿದ್ದಳು. ಮೇರಿಯೇ ಎತ್ತರ ಎಂದಾಗ, ಹಾಗಾದರೆ ಅವಳು ಅತಿ ಎತ್ತರ ಆಯಿತು ಎಂದಳಂತೆ. ಮೇರಿ ವರ್ಜಿನಲ್ ಹೇಗೆ ನುಡಿಸುತ್ತಾಳೆ ಎಂದು ಕೇಳಿದ್ದಕ್ಕೆ, ರಾಣಿಯೊಬ್ಬಳಿಗೆ ತಕ್ಕಮಟ್ಟಿಗೆ ನುಡಿಸುತ್ತಾರೆ ಎಂದು ಮೆಲ್ವಿಲ್ ಜಾಣತನದಿಂದ ಉತ್ತರಿಸಿದ್ದ. ಅದೇ ದಿನ ಊಟವಾದ ಮೇಲೆ ಆಸ್ಥಾನದ ಲಾರ್ಡ್ ಹನ್ಸ್‌ಡನ್ ಅವನನ್ನು ಒಂದು ಏಕಾಂತದ ಪಡಸಾಲೆಗೆ ಕರೆದೊಯ್ದ. ಒಳಗಿನಿಂದ ವಾದ್ಯ ಕೇಳಿಸುತ್ತಿತ್ತು. ಬಾಗಿಲಿಗೆ ಹಾಕಿದ್ದ ಚಿತ್ರದ ಪರದೆ ಸರಿಸಿದರೆ, ರಾಣಿ ಬೆನ್ನು ಹಾಕಿ ಕೂತು ನುಡಿಸುತ್ತಿದ್ದಾಳೆ, ಬಹಳ ಚೆನ್ನಾಗಿ ನುಡಿಸುತ್ತಿದ್ದಾಳೆ. ತಿರುಗಿ ನೋಡಿದವಳು ನಿಲ್ಲಿಸಿದಳು, ಹೊಡೆಯುವಂತೆ ಕೈ ಎತ್ತಿ ಬಂದಳು. ಗಂಡಸರ ಮುಂದೆ ನುಡಿಸುವ ಅಭ್ಯಾಸವಿಲ್ಲ, ಒಬ್ಬಳೇ ಇದ್ದಾಗ ಬೇಸರ ಕಳೆಯಲು ಮಾತ್ರ ನುಡಿಸುತ್ತೇನೆ ಎಂದಳು. ಆಮೇಲೆ ಮತ್ತೆ ಅದೇ ಪ್ರಶ್ನೆ: ನಿಮ್ಮ ರಾಣಿ ಚೆನ್ನಾಗಿ ನುಡಿಸುತ್ತಾಳೋ, ನಾನೋ? ಈ ಸಲ ಎಲಿಜಬೆತ್‌ಗೇ ಮೆಚ್ಚುಗೆ ಕೊಡದೆ ವಿಧಿಯಿರಲಿಲ್ಲ ಎಂದು ಮೆಲ್ವಿಲ್ ತನ್ನ ನೆನಪಿನ ಬರಹದಲ್ಲಿ ದಾಖಲಿಸಿದ್ದಾನೆ. ಹನ್ಸ್‌ಡನ್ ಬೇರೆ ಯಾರೂ ಅಲ್ಲ, ರಾಣಿಯ ಚಿಕ್ಕಮ್ಮನೋ ದೊಡ್ಡಮ್ಮನೋ ಆದ ಮೇರಿ ಬೊಲಿನಳ ಮಗ. ಸಂಕೋಚದ ಕನ್ಯೆಯ ಆ ಪಾತ್ರವನ್ನು ರಾಣಿ ಎಷ್ಟು ಲೆಕ್ಕ ಹಾಕಿ ಆಡಿದಳು ಎಂದು ಊಹಿಸುವುದು ಕಷ್ಟವಲ್ಲ. ಲಂಡನ್ನಿನ ವಿಕ್ಟೋರಿಯಾ ಆ್ಯಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿ ಇಂದಿಗೂ ಅವಳ ಹೆಸರಿನ ವಾದ್ಯವೊಂದಿದೆ. ವೆನಿಸ್‌ನಲ್ಲಿ ತಯಾರಾದದ್ದು, ಮೇಲೆ ರಾಜಲಾಂಛನ, ಜೊತೆಗೆ ಅವಳ ತಾಯಿ ಆ್ಯನ್ ಬೊಲಿನಳ ಗುರುತಾದ ಗಿಡುಗ.

ಮುದ್ರಕರಿಗೂ ಈ ಪದದ ಆಟ ಬಿಡಲಾಗಲಿಲ್ಲ. ಇಂಗ್ಲೆಂಡಿನಲ್ಲಿ ವರ್ಜಿನಲ್‌ಗಾಗಿ ಮೊಟ್ಟಮೊದಲು ಅಚ್ಚಾದ ಸಂಗೀತ ಪುಸ್ತಕದ ಹೆಸರು 'ಪಾರ್ಥೀನಿಯಾ'. ಗ್ರೀಕಿನಲ್ಲಿ ಪಾರ್ಥೆನೋಸ್ ಎಂದರೆ ಕನ್ಯೆ. ಬುಲ್ ಪಾಠ ಹೇಳುತ್ತಿದ್ದ ರಾಜಕುಮಾರಿ ಎಲಿಜಬೆತ್ (ರಾಣಿಯ ಹೆಸರಿನವಳೇ, ಆದರೆ ಬೇರೆಯವಳು) ಮತ್ತು ಜರ್ಮನಿಯ ರಾಜಪುತ್ರ ಐದನೇ ಫ್ರೆಡರಿಕ್ ಮದುವೆ 1613ರ ಫೆಬ್ರುವರಿ 14ರಂದು ನಡೆಯಿತು, ಪುಸ್ತಕ ಆ ಜೋಡಿಗೆ ಅರ್ಪಣೆ. ವಿಲಿಯಂ ಬರ್ಡ್‌ನ 8, ಜಾನ್ ಬುಲ್‌ನ 7, ಒರ್ಲಾಂಡೊ ಗಿಬನ್ಸ್‌ನ 6, ಒಟ್ಟು 21 ಕೃತಿಗಳು. ತಾಮ್ರದ ಫಲಕದಲ್ಲಿ ಕೊರೆದ ಮುಖಪುಟದಲ್ಲಿ ಕೂದಲು ಇಳಿಬಿಟ್ಟ ತರುಣಿ ವರ್ಜಿನಲ್ ನುಡಿಸುತ್ತಿದ್ದಾಳೆ, ಉಪಶೀರ್ಷಿಕೆಯಲ್ಲಿ ಇದು ಈ ವಾದ್ಯಕ್ಕಾಗಿ ಅಚ್ಚಾದ ಸಂಗೀತದ 'ಕನ್ಯಾಭಾವ' ಎಂಬ ಮಾತು. ಕನ್ಯೆಯ ಹೆಸರಿನ ವಾದ್ಯಕ್ಕೆ ಕನ್ಯೆಯ ಹೆಸರಿನ ಪುಸ್ತಕ, ಅದು ಮದುಮಗಳ ಉಡುಗೊರೆ. ಬರೆದವರಲ್ಲಿ ಒಬ್ಬ ಅದೇ ವರ್ಷದ ಕೊನೆಯೊಳಗೆ ಯಾವ ಆಪಾದನೆ ಹೊತ್ತು ಓಡಿದ ಎಂಬುದು ನಮಗೀಗ ಗೊತ್ತು. ಸುಮಾರು 1624ರಲ್ಲಿ ಇದಕ್ಕೊಂದು ಜೋಡಿ ಪುಸ್ತಕ ಬಂತು, ವರ್ಜಿನಲ್ ಮತ್ತು ಬಾಸ್ ವಯೋಲ್ ಕೂಡಿ ನುಡಿಸುವಂಥದ್ದು. ಅದರ ಹೆಸರು 'ಪಾರ್ಥೀನಿಯಾ ಇನ್‌ವಯೊಲಾಟಾ'. ಲ್ಯಾಟಿನ್ನಿನಲ್ಲಿ ಭಂಗವಾಗದವಳು ಎಂದರ್ಥ, ನಡುವೆ ವಯೋಲ್ ವಾದ್ಯವೂ ಅಡಗಿ ಕೂತಿದೆ. ಕನ್ಯೆಯ ಜೊತೆ ವಯೋಲ್ ಸೇರಿಯೂ ಭಂಗವಾಗಲಿಲ್ಲ ಎಂದು ಕಣ್ಣು ಮಿಟುಕಿಸುವ ಈ ಶೀರ್ಷಿಕೆ ಇಂದಿನ ಸಂಪಾದಕರ ಮೇಜನ್ನು ದಾಟುವುದು ಅನುಮಾನ.

ಪೆಟ್ಟಿಗೆಯೊಳಗೆ ಏನು ನಡೆಯುತ್ತದೆ ನೋಡೋಣ. ಪ್ರತಿ ಕೀಯ ಹಿಂತುದಿಯ ಮೇಲೆ ಒಂದು ತೆಳ್ಳನೆಯ ಮರದ ಪಟ್ಟಿ ನೆಟ್ಟಗೆ ನಿಂತಿರುತ್ತದೆ, ಅದೇ ಜ್ಯಾಕ್. ಅದರ ತಲೆಯ ಬಳಿ ಹಿಂದಕ್ಕೆ ಮಾತ್ರ ಬಾಗುವ ಪುಟ್ಟ ನಾಲಿಗೆ, ನಾಲಿಗೆಯಲ್ಲಿ ಕಾಗೆ ಜಾತಿಯ ಹಕ್ಕಿಯ ಗರಿಯ ದಂಟಿನಿಂದ ಕತ್ತರಿಸಿದ ಮೊನೆ. ಕೀ ಒತ್ತಿದರೆ ಜ್ಯಾಕ್ ಮೇಲೇಳುತ್ತದೆ, ಗರಿ ತಂತಿಯನ್ನು ಮೀಟುತ್ತದೆ. ಬೆರಳು ಬಿಟ್ಟರೆ ಜ್ಯಾಕ್ ಕೆಳಗಿಳಿಯುತ್ತದೆ, ನಾಲಿಗೆ ಹಿಂದಕ್ಕೆ ಬಾಗಿ ಗರಿ ತಂತಿಯನ್ನು ಮತ್ತೆ ಮೀಟದೆ ಜಾರುತ್ತದೆ, ಹಂದಿಯ ಬಿರುಗೂದಲಿನ ಸ್ಪ್ರಿಂಗ್ ಅದನ್ನು ಯಥಾಸ್ಥಾನಕ್ಕೆ ತಳ್ಳುತ್ತದೆ. ಜ್ಯಾಕಿಗೆ ಅಂಟಿಸಿದ ಬಟ್ಟೆಯ ಚೂರು ತಂತಿಯ ಮೇಲೆ ಕೂತು ನಾದ ನಿಲ್ಲಿಸುತ್ತದೆ. ಒಂದು ಕೀಗೆ ಒಂದೇ ತಂತಿ. ಇದೇ ಜಾತಿಯ ದೊಡ್ಡ ವಾದ್ಯವಾದ ಹಾರ್ಪ್ಸಿಕಾರ್ಡ್‌ನಲ್ಲಿ ತಂತಿಗಳು ನುಡಿಸುವವರಿಂದ ಆಚೆಗೆ ಚಾಚಿದ್ದರೆ, ಇಲ್ಲಿ ಅವು ಎಡದಿಂದ ಬಲಕ್ಕೆ, ಕೀಲಿಮಣೆಗೆ ಸಮಾನಾಂತರವಾಗಿ ಓಡುತ್ತವೆ. ಪೆಟ್ಟಿಗೆ ಸಣ್ಣದಾಗಿರುವುದು ಅದರಿಂದಲೇ.

ಮೆಲ್ಲಗೆ ಒತ್ತಿದರೂ ಜೋರಾಗಿ ಕುಟ್ಟಿದರೂ ಗರಿ ಮೀಟುವ ಬಲ ಹೆಚ್ಚುಕಡಿಮೆ ಒಂದೇ. ಏರುದನಿ ಇಳಿದನಿ ಇಲ್ಲ. ಮೀಟಿದ ಸ್ವರ ಬೇಗ ಆರುತ್ತದೆ. ಹೀಗಾಗಿ ಈ ವಾದ್ಯಕ್ಕೆ ಬರೆದವರು ಖಾಲಿ ಜಾಗ ಬಿಡಲಿಲ್ಲ. ಒಂದು ಉದ್ದ ಸ್ವರ ಇರಬೇಕಾದಲ್ಲಿ ಹದಿನಾರು ಸಣ್ಣ ಸ್ವರಗಳ ಓಟ, ಸ್ವರದ ಕಾಂಡಕ್ಕೆ ಅಡ್ಡಗೆರೆ ಎಳೆದು ಸೂಚಿಸಿದ ಅಲಂಕಾರಗಳು, ಎಡಗೈ ಬಲಗೈಗಳ ಜಗಳ. ಬೀದಿಯ ಸರಳ ಹಾಡೊಂದನ್ನು ಹಿಡಿದು ಹತ್ತು, ಇಪ್ಪತ್ತು ಬಗೆಯಲ್ಲಿ ಬೆಳೆಸುವುದು ಇಂಗ್ಲಿಷ್ ವರ್ಜಿನಲ್ ರಚನಕಾರರ ಚಟವಾಯಿತು. 'ವಾಲ್ಸಿಂಗಮ್' ಎಂಬ ಜನಪ್ರಿಯ ಧಾಟಿಯನ್ನು ಬುಲ್ 30 ಬಗೆಯಲ್ಲಿ ಬೆಳೆಸಿದ್ದಾನೆ. ಅದನ್ನು ಕೇಳುತ್ತ ಕನ್ಯೆಯ ಮೃದು ಕಂಠವನ್ನು ನೆನೆಸಿಕೊಳ್ಳಲು ಸಾಧ್ಯವಿಲ್ಲ. ಕೀಲಿಮಣೆಯ ಮೇಲೆ ನಡೆಯುವ ಕುಸ್ತಿ ಅದು.

ವಾದ್ಯ ತಯಾರಿಕೆಗೆ ಮಾತ್ರ ಆಂಟ್ವರ್ಪ್ ಬಿಟ್ಟರೆ ಇನ್ನೊಂದು ಊರಿರಲಿಲ್ಲ. ಅಲ್ಲಿನ ವಾದ್ಯ ಕುಶಲಕರ್ಮಿಗಳು ಚಿತ್ರಕಾರರ ಸಂಘವಾದ ಸೇಂಟ್ ಲ್ಯೂಕ್ ಗಿಲ್ಡ್‌ಗೆ ತಮ್ಮನ್ನೂ ಸೇರಿಸಿಕೊಳ್ಳಬೇಕೆಂದು 1557ರಲ್ಲಿ ಅರ್ಜಿ ಹಾಕಿದ್ದರು. 1579ರಲ್ಲಿ ಆ ಗಿಲ್ಡ್‌ನ ಸದಸ್ಯನಾದ ಹಾನ್ಸ್ ರುಕರ್ಸ್, ಅವನ ಮಕ್ಕಳಾದ ಯೊಹಾನೆಸ್ ಮತ್ತು ಆಂಡ್ರಿಯಾಸ್, ಮುಂದೆ ಮೊಮ್ಮಗನ ಮನೆತನ ಸೇರಿ ಒಂದು ಶತಮಾನ ಕಾಲ ಯುರೋಪಿಗೆಲ್ಲ ವಾದ್ಯ ಪೂರೈಸಿದರು. ಅಗ್ಗದ ಮರದ ಒಳಮೈಗೆ ಕಡಲಕುದುರೆಗಳ ಅಚ್ಚು ಒತ್ತಿದ ಕಾಗದ ಅಂಟಿಸುತ್ತಿದ್ದರು. ನಾದಫಲಕದ ಮೇಲೆ ಹೂವು, ಹಕ್ಕಿ, ಕೀಟಗಳ ಚಿತ್ರ, ನಡುವೆ ತಯಾರಕನ ಹೆಸರಿನ ಮೊದಲಕ್ಷರ ಹೊತ್ತ ಲೋಹದ ಬಿಲ್ಲೆ, ಮುಚ್ಚಳದ ಒಳಗೆ ಲ್ಯಾಟಿನ್ ಸೂಕ್ತಿ. ರುಕರ್ಸ್ ಹೆಸರಿಗೆ ಎಷ್ಟು ಬೆಲೆ ಇತ್ತೆಂದರೆ, 18ನೇ ಶತಮಾನದ ಪ್ಯಾರಿಸ್‌ನಲ್ಲಿ ನಕಲಿ ರುಕರ್ಸ್‌ಗಳ ವ್ಯಾಪಾರವೇ ನಡೆಯಿತು.

ಅವರ ತಯಾರಿಕೆಯಲ್ಲಿ ಒಂದು ಮಾದರಿಗೆ 'ತಾಯಿ ಮಗು' ಎಂದು ಹೆಸರು. ದೊಡ್ಡ ವರ್ಜಿನಲ್‌ನ ಹೊಟ್ಟೆಯಲ್ಲಿ ಮೇಜಿನ ಖಾನೆಯಂತೆ ಒಂದು ಪುಟ್ಟ ವರ್ಜಿನಲ್. ಹೊರಗೆಳೆದು ಬೇರೆಯಾಗಿ ನುಡಿಸಬಹುದು, ತಾಯಿಯ ಮೇಲೆ ಕೂರಿಸಿ ಒಂದೇ ಕೀಲಿಮಣೆಯಿಂದ ಎರಡನ್ನೂ ನುಡಿಸಬಹುದು, ಮಗುವಿನ ದನಿ ಒಂದು ಸ್ಥಾಯಿ ಮೇಲೆ. ಕನ್ಯೆಯ ಹೆಸರಿನ ವಾದ್ಯದ ಹೊಟ್ಟೆಯಲ್ಲಿ ಮಗು ಇಟ್ಟ ಆಂಟ್ವರ್ಪ್‌ನ ಬಡಗಿಗಳಿಗೆ ಅದು ವಿಚಿತ್ರ ಅನ್ನಿಸಲೇ ಇಲ್ಲವೇ ಎಂದು ನಾನು ಯೋಚಿಸಿದ್ದುಂಟು. 1581ರಲ್ಲಿ ಹಾನ್ಸ್ ರುಕರ್ಸ್ ಮಾಡಿದ ಇಂಥದ್ದೊಂದು ಈಗ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿದೆ. ಅದರ ಮೇಲೆ ಸ್ಪೇನಿನ ದೊರೆ ಎರಡನೇ ಫಿಲಿಪ್ ಮತ್ತು ರಾಣಿಯ ಮುಖಮುದ್ರೆಗಳಿವೆ. 20ನೇ ಶತಮಾನದ ಆರಂಭದಲ್ಲಿ ಅದು ಸಿಕ್ಕಿದ್ದು ಪೆರು ದೇಶದ ಕೂಸ್ಕೊ ಹತ್ತಿರದ ಜಮೀನ್ದಾರಿ ಎಸ್ಟೇಟೊಂದರ ಪ್ರಾರ್ಥನಾಮಂದಿರದಲ್ಲಿ. ಅಟ್ಲಾಂಟಿಕ್ ದಾಟಿ, ಆಂಡೀಸ್ ಪರ್ವತ ಏರಿ ಹೋಗಿತ್ತು ಆ ಪೆಟ್ಟಿಗೆ.

ಇನ್ನೊಂದು ಮಾದರಿ ಮ್ಯೂಸಲಾರ್. ಇದರಲ್ಲಿ ಕೀಲಿಮಣೆ ಬಲಕ್ಕಿರುತ್ತದೆ, ಗರಿ ತಂತಿಯನ್ನು ಅದನ್ನು ಹೊರುವ ಕುದುರೆಯ ಹತ್ತಿರ ಮೀಟದೆ ಹೆಚ್ಚುಕಡಿಮೆ ನಡುಮಧ್ಯದಲ್ಲಿ ಮೀಟುತ್ತದೆ. ಮೇಲಿನ ಸ್ಥಾಯಿಯಲ್ಲಿ ಕೊಳಲಿನಷ್ಟು ದುಂಡನೆಯ ನಾದ. ಕೆಳಗಿನ ಸ್ಥಾಯಿಯಲ್ಲಿ ಎಡಗೈ ವೇಗವಾಗಿ ನುಡಿಸಿದರೆ, ಇನ್ನೂ ಕಂಪಿಸುತ್ತಿರುವ ತಂತಿಗೆ ಗರಿ ತಗುಲಿ ಗೊರಗೊರ ಸದ್ದು. 1739ರಲ್ಲಿ ಡಚ್ ಸಂಗೀತಗಾರ ಕ್ವಿರಿನಸ್ ವಾನ್ ಬ್ಲಾಂಕನ್‌ಬರ್ಗ್ ಇದನ್ನು ಎಳೆ ಹಂದಿಮರಿಗಳ ಗುಟುರು ಎಂದು ಹೀಯಾಳಿಸಿದ. ಮ್ಯೂಸಲಾರ್‌ಗಳಲ್ಲಿ 'ಆರ್ಪಿಕಾರ್ಡಮ್' ಎಂಬ ಒಂದು ಪಟ್ಟಿಯೂ ಇರುತ್ತಿತ್ತು. ಅದನ್ನು ಸರಿಸಿದರೆ ಸಣ್ಣ ಲೋಹದ ಕೊಕ್ಕೆಗಳು ಮಂದ್ರದ ತಂತಿಗಳಿಗೆ ಸೋಕಿ ಝೇಂಕಾರ ಹುಟ್ಟುತ್ತದೆ. ತಂಬೂರಿಯ ಕುದುರೆಯ ಮೇಲೆ ನೂಲಿನೆಳೆ ಇಟ್ಟು ಜೀವ ತುಂಬುವವರಿಗೆ ಈ ಸದ್ದಿನ ರುಚಿಯನ್ನು ವಿವರಿಸಬೇಕಿಲ್ಲ. ಶುದ್ಧ ನಾದ ಸಪ್ಪೆ ಅನ್ನಿಸಿ ಅದಕ್ಕೆ ಬೇಕೆಂದೇ ಒರಟು ಬೆರೆಸಿದವರು ಯುರೋಪಿನಲ್ಲೂ ಇದ್ದರು, ಅದೂ ಪರಿಶುದ್ಧತೆಯ ಹೆಸರಿನ ವಾದ್ಯದಲ್ಲಿ.

ವರ್ಜಿನಲ್ ಮುಂದೆ ಕೂತ ಹೆಣ್ಣಿನ ಚಿತ್ರ ಎಂದರೆ ಎಲ್ಲರಿಗೂ ನೆನಪಾಗುವುದು ಡಚ್ ಚಿತ್ರಕಾರ ವರ್ಮೀರ್. ಅವನಿಗೆ ಒಂದು ಶತಮಾನ ಮುಂಚೆಯೇ ಹೆಂಗಸರು ಬರೆದ ಚಿತ್ರಗಳಿವೆ, ಅವೇ ನನಗೆ ಹೆಚ್ಚು ಕುತೂಹಲಕರ. ಆಂಟ್ವರ್ಪ್‌ನ ಕಲಾವಿದೆ ಕ್ಯಾಥರೀನಾ ವಾನ್ ಹೆಮೆಸನ್ 1548ರಲ್ಲಿ ಬರೆದ ವರ್ಜಿನಲ್ ನುಡಿಸುವ ತರುಣಿಯ ಚಿತ್ರ ಜರ್ಮನಿಯ ಕಲೋನ್‌ನಲ್ಲಿದೆ. ಚಿತ್ರದಲ್ಲಿರುವವಳು ಕಲಾವಿದೆಯ ಅಕ್ಕ ಕ್ರಿಸ್ಟೀನಾ ಇರಬಹುದು ಎನ್ನುತ್ತಾರೆ. 1577ರಲ್ಲಿ ಬೊಲೋನ್ಯದ ಲವೀನಿಯಾ ಫೊಂಟಾನಾ ಕನ್ನಡಿ ನೋಡಿಕೊಂಡು ತನ್ನದೇ ಚಿತ್ರ ಬರೆದಳು. ಕೆಂಪು ಉಡುಪು, ಕೀಲಿಮಣೆಯ ಮೇಲೆ ಕೈ, ಹಿಂದೆ ಸಂಗೀತ ಪುಸ್ತಕ ಹಿಡಿದು ನಿಂತ ಸೇವಕಿ, ಇನ್ನೂ ಹಿಂದೆ ಮದುವೆಯ ಪೆಟಾರಿ. ತನ್ನನ್ನು ಮದುವೆಯಾಗಲಿದ್ದವನ ಮನೆಯವರಿಗೆ ಕಳಿಸಲು ಬರೆದದ್ದು ಅದು, ಹೆಣ್ಣು ನೋಡುವ ಶಾಸ್ತ್ರಕ್ಕೆ ಹೆಣ್ಣಿನ ಬದಲು ಹೋದ ಚಿತ್ರ. ಮೇಲೆ ಲ್ಯಾಟಿನ್ನಿನಲ್ಲಿ, ಪ್ರೊಸ್ಪೆರೊ ಫೊಂಟಾನಾನ ಮಗಳು, ಕನ್ಯೆ ಲವೀನಿಯಾ, ಕನ್ನಡಿಯಲ್ಲಿ ಕಂಡ ತನ್ನ ಮುಖವನ್ನು ಬರೆದಳು ಎಂಬ ಒಕ್ಕಣೆ. ಕನ್ಯೆ ಎನ್ನುವ ಪದ, ಕನ್ಯೆಯರಿಗೆಂದು ಮೀಸಲಾದ ವಾದ್ಯ, ಎರಡನ್ನೂ ಗಂಡಿನ ಮನೆಯವರು ಕೇಳಿದ ಹಾಗೆಯೇ ಕೊಟ್ಟಿದ್ದಾಳೆ. ಆದರೆ ಚಿತ್ರದ ಹಿನ್ನೆಲೆಯಲ್ಲಿ, ಕಿಟಕಿಯ ಬೆಳಕಿಗೆ, ಚಿತ್ರಕಾರರು ಬಳಸುವ ಈಸೆಲ್ ಒಂದನ್ನು ನಿಲ್ಲಿಸಿದ್ದಾಳೆ. ಮದುವೆಯ ನಂತರ ದಂಪತಿ ಅವಳ ತಂದೆಯ ಮನೆಯಲ್ಲೇ ಉಳಿದರು, ಗಂಡ ಅವಳ ಕೆಲಸಕ್ಕೆ ನೆರವಾದ, 11 ಮಕ್ಕಳನ್ನು ಹೆತ್ತ ಲವೀನಿಯಾ ಚಿತ್ರ ಬರೆಯುವುದನ್ನೇ ವೃತ್ತಿ ಮಾಡಿಕೊಂಡು ಸಂಸಾರ ಸಾಗಿಸಿದಳು.

ವರ್ಮೀರ್ ಬೇರೆ ದಾರಿಯವನು. ಬ್ರಿಟನ್ನಿನ ರಾಜಮನೆತನದ ಸಂಗ್ರಹದಲ್ಲಿರುವ, 1660ರ ದಶಕದ 'ಸಂಗೀತ ಪಾಠ'ದಲ್ಲಿ ರುಕರ್ಸ್ ಬಗೆಯ ಮ್ಯೂಸಲಾರ್ ಮುಂದೆ ಬೆನ್ನು ಹಾಕಿ ನಿಂತ ಹೆಣ್ಣು, ಪಕ್ಕದಲ್ಲಿ ಒಬ್ಬ ಗಂಡಸು. ಸಂಗೀತ ಸಂತೋಷದ ಸಂಗಾತಿ, ದುಃಖದ ಔಷಧ ಎಂದು ಮುಚ್ಚಳದ ಮೇಲಿನ ಬರಹ. ಅವಳ ತಲೆ ಕೀಲಿಮಣೆಯ ಕಡೆಗಿದ್ದರೂ ಗೋಡೆಯ ಕನ್ನಡಿಯಲ್ಲಿ ಮುಖ ಅವನ ಕಡೆಗೆ ತಿರುಗಿದೆ. ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿ ಅವನದೇ ಇನ್ನೆರಡು ಚಿತ್ರಗಳಿವೆ, ಎರಡೂ ಸುಮಾರು 1670ರಿಂದ 72ರ ನಡುವಿನವು. ಒಂದರಲ್ಲಿ ವರ್ಜಿನಲ್ ಮುಂದೆ ನಿಂತ ತರುಣಿ, ಹಿಂದಿನ ಗೋಡೆಯಲ್ಲಿ ಕಾಮದೇವ. ಇನ್ನೊಂದರಲ್ಲಿ ಕೂತ ತರುಣಿ, ಹಿಂದಿನ ಗೋಡೆಯಲ್ಲಿ ಡಿರ್ಕ್ ವಾನ್ ಬಾಬ್ಯೂರನ್ ಬರೆದ 'ತಲೆಹಿಡುಕಿ': ಹಣ ತೋರಿಸುವ ಗಂಡಸು, ಲ್ಯೂಟ್ ಹಿಡಿದ ವೇಶ್ಯೆ, ಅಂಗೈ ಚಾಚಿದ ಮುದುಕಿ. ಆ ಚಿತ್ರ ವರ್ಮೀರನ ಅತ್ತೆಯ ಮನೆಯಲ್ಲಿತ್ತು, ಅವನು ದಿನವೂ ನೋಡಿರಬಹುದು. ಕೂತ ಹುಡುಗಿ ನೋಡುಗರತ್ತ ನೇರವಾಗಿ ನೋಡುತ್ತಾಳೆ. ಅವಳು ಗೋಡೆಯ ಚಿತ್ರಕ್ಕೆ ಎದುರಾಳಿಯೋ ಸಂಬಂಧಿಯೋ ಎಂದು ಕಲಾ ವಿಮರ್ಶಕರು ಇಂದಿಗೂ ಜಗಳವಾಡುತ್ತಾರೆ. ಉತ್ತರ ಕೊಡುವ ಇರಾದೆ ವರ್ಮೀರನಿಗೆ ಇರಲಿಲ್ಲ ಎಂದೇ ನನ್ನ ಎಣಿಕೆ.

ಈ ಪೆಟ್ಟಿಗೆ ನಮ್ಮ ನೆಲಕ್ಕೂ ಬಂದಿತ್ತು. ಈಸ್ಟ್ ಇಂಡಿಯಾ ಕಂಪನಿಯ ಪ್ರತಿನಿಧಿ ಪಾಲ್ ಕ್ಯಾನಿಂಗ್ 1613ರಲ್ಲಿ ಆಗ್ರಾಕ್ಕೆ ಜಹಾಂಗೀರನ ದರ್ಬಾರಿಗೆ ಹೋದಾಗ ಇಬ್ಬರು ಸಂಗೀತಗಾರರನ್ನು ಕರೆದೊಯ್ದಿದ್ದ ಎಂದು ಕಂಪನಿಯ ನಿಕೋಲಸ್ ವಿದಿಂಗ್ಟನ್ ಬರೆದಿಟ್ಟಿದ್ದಾನೆ. ಕ್ಯಾನಿಂಗ್‌ನ ನೆಂಟ ಲಾನ್ಸ್‌ಲಾಟ್ ವರ್ಜಿನಲ್ ನುಡಿಸಿದ, ಬಾದಶಹನಿಗೆ ಹಿಡಿಸಲಿಲ್ಲ. ಆ ಅವಮಾನದ ಕೊರಗಿನಲ್ಲೇ ಅವನು ಸತ್ತ ಎಂದು ಜನ ಆಡಿಕೊಂಡರು. ಜೊತೆಗಿದ್ದ ರಾಬರ್ಟ್ ಟ್ರಲ್ಲಿ ಕಾರ್ನೆಟ್ ಊದಿದ, ಜಹಾಂಗೀರ್ ಮೆಚ್ಚಿ ತನ್ನ ಆಸ್ಥಾನದ ವಾದಕನಿಗೆ ಅದನ್ನು ಕಲಿಸಲು ಹೇಳಿದ. ಟ್ರಲ್ಲಿ ಮುಂದೆ ದಖ್ಖನಿನ ಸುಲ್ತಾನನ ಸೇವೆಗೆ ಸೇರಿ ಮುಸ್ಲಿಮನಾದ. ಕಂಪನಿ ಪಾಠ ಕಲಿಯಲಿಲ್ಲ. 1616ರ ಜನವರಿಯಲ್ಲಿ ಇಂಗ್ಲೆಂಡಿನ ರಾಯಭಾರಿ ಸರ್ ಥಾಮಸ್ ರೋ ಅಜ್ಮೀರಿನಲ್ಲಿ ಜಹಾಂಗೀರನನ್ನು ಕಂಡಾಗ ಕುದುರೆಗಾಡಿ, ಕತ್ತಿಯ ಜೊತೆ ಮತ್ತೆ ವರ್ಜಿನಲ್ಸ್ ಕೂಡ ಕಾಣಿಕೆಯಲ್ಲಿತ್ತು. ಬಾದಶಹನಿಗೆ ಕುದುರೆಗಾಡಿಯ ಮೇಲೆ ಆಸಕ್ತಿ ಹುಟ್ಟಿತು. ಮೀಂಡ್, ಗಮಕಗಳಲ್ಲಿ ಬೆಳೆದ ಕಿವಿಗೆ, ಸ್ವರದಿಂದ ಸ್ವರಕ್ಕೆ ಜಾರಲು ಬಾರದ ಪೆಟ್ಟಿಗೆ ಯಾಕೆ ರುಚಿಸೀತು? ತೆರೆದ ದರ್ಬಾರಿನ ಗದ್ದಲದಲ್ಲಿ ಅದರ ಸದ್ದು ಸಿಂಹಾಸನದವರೆಗೆ ತಲುಪಿದ್ದೂ ಸಂಶಯವೇ.

ಇಂಗ್ಲೆಂಡಿನಲ್ಲಿ ಅದು ಎಷ್ಟು ಮನೆಮಾತಾಗಿತ್ತು ಎಂಬುದಕ್ಕೆ ಒಂದೇ ಸಾಕ್ಷಿ ಸಾಕು. 1666ರ ಸೆಪ್ಟೆಂಬರ್ 2ರಂದು ಲಂಡನ್ ಹೊತ್ತಿ ಉರಿಯುವಾಗ ಜನ ಸಾಮಾನು ಹೊತ್ತು ಥೇಮ್ಸ್ ನದಿಗಿಳಿದರು. ಮನೆಸಾಮಾನು ತುಂಬಿದ ದೋಣಿಗಳಲ್ಲಿ ಮೂರಕ್ಕೊಂದರಲ್ಲಿ ವರ್ಜಿನಲ್ಸ್ ಇತ್ತು ಎನ್ನುವ ಅರ್ಥದ ಮಾತನ್ನು ಸ್ಯಾಮ್ಯುಯೆಲ್ ಪೀಪ್ಸ್ ಅಂದಿನ ದಿನಚರಿಯಲ್ಲಿ ಬರೆದುಕೊಂಡಿದ್ದಾನೆ. ಇಂಗ್ಲೆಂಡಿನಲ್ಲೇ ತಯಾರಾದ ವರ್ಜಿನಲ್‌ಗಳಲ್ಲಿ ಇಂದು ಉಳಿದಿರುವುದು ಸುಮಾರು 20. ಆ ಶತಮಾನ ಮುಗಿಯುವ ಹೊತ್ತಿಗೆ ಅದೇ ಜಾತಿಯ ಸ್ಪಿನೆಟ್ ಬಂತು, ಹಾರ್ಪ್ಸಿಕಾರ್ಡ್ ಹಿಗ್ಗಿತು, ಸುಮಾರು 1700ರಲ್ಲಿ ಇಟಲಿಯ ಕ್ರಿಸ್ಟೊಫೊರಿ ಪಿಯಾನೊ ಕಟ್ಟಿದ. ಹಳೆಯ ಪೆಟ್ಟಿಗೆಗಳು ಅಟ್ಟ ಸೇರಿದವು, ಕೆಲವು ಒಲೆ ಸೇರಿದವು.

ಸಂಗೀತ ಉಳಿದದ್ದು ಕೈಬರಹದ ಪುಸ್ತಕಗಳಲ್ಲಿ. ಕೇಂಬ್ರಿಜ್‌ನ ಫಿಟ್ಸ್‌ವಿಲಿಯಂ ಮ್ಯೂಸಿಯಂನಲ್ಲಿರುವ ಅತಿದೊಡ್ಡ ಸಂಕಲನದಲ್ಲಿ 300ಕ್ಕೆ ಸ್ವಲ್ಪ ಕಡಿಮೆ ಕೃತಿಗಳಿವೆ. ಅದನ್ನೂ ಒಂದು ಕಾಲದಲ್ಲಿ ಎಲಿಜಬೆತ್ ರಾಣಿಯ ಪುಸ್ತಕ ಎಂದೇ ಕರೆಯುತ್ತಿದ್ದರು, ಅವಳಿಗೂ ಅದಕ್ಕೂ ಸಂಬಂಧವಿಲ್ಲ. ಫ್ರಾನ್ಸಿಸ್ ಟ್ರೆಜನ್ ಎಂಬ ಕ್ಯಾಥೊಲಿಕ್ ಕೈದಿ ಲಂಡನ್ನಿನ ಫ್ಲೀಟ್ ಜೈಲಿನಲ್ಲಿ ಕೂತು ಇಡೀ ಪುಸ್ತಕ ನಕಲು ಮಾಡಿದ ಎಂಬ ಕತೆಯೂ ಈಗ ಅನುಮಾನಕ್ಕೆ ಬಿದ್ದಿದೆ. ಅದರಲ್ಲಿ ನನಗೆ ಅಚ್ಚುಮೆಚ್ಚು ಜೈಲ್ಸ್ ಫಾರ್ನಬಿ. ಕಸುಬಿನಿಂದ ಬಡಗಿ. ಅವನ ಐವತ್ತಕ್ಕೂ ಹೆಚ್ಚು ಕೃತಿಗಳು ಈ ಒಂದು ಪುಸ್ತಕದಿಂದಾಗಿ ಉಳಿದಿವೆ, 'ಅವನ ಕನಸು', 'ಅವನ ವಿಶ್ರಾಂತಿ' ಎಂದೆಲ್ಲ ಹೆಸರಿಟ್ಟ ಪುಟ್ಟ ಪುಟ್ಟ ತುಣುಕುಗಳು. ಎರಡು ವರ್ಜಿನಲ್‌ಗಳಿಗೆಂದೇ ಬರೆದ ಒಂದು ಚಿಕ್ಕ ಜುಗಲ್ಬಂದಿಯೂ ಇದೆ.

1599ರ ಇನ್ನೊಂದು ಪುಸ್ತಕ ಬ್ರಿಟಿಷ್ ಲೈಬ್ರರಿಯಲ್ಲಿದೆ, ಅದರ ಮೇಲೆ ಸುಸಾನ ವಾನ್ ಸೋಲ್ಟ್ ಎಂಬ ಹುಡುಗಿಯ ಹೆಸರು. ಅಪ್ಪ ಆಂಟ್ವರ್ಪ್‌ನ ಪ್ರಾಟೆಸ್ಟೆಂಟ್ ವ್ಯಾಪಾರಿ, ಧರ್ಮಯುದ್ಧದ ಕಾಲದಲ್ಲಿ ಊರು ಬಿಟ್ಟು ಲಂಡನ್ ಸೇರಿದವನು. 1586ರಲ್ಲಿ ಅಲ್ಲಿ ನಾಮಕರಣವಾದ ಸುಸಾನಳಿಗೆ ಪುಸ್ತಕದ ಹೊತ್ತಿಗೆ 13ರ ವಯಸ್ಸು. ಪುಸ್ತಕದಲ್ಲಿ 33 ತುಣುಕುಗಳು. ದೇವರ ಕೀರ್ತನೆಗಳಿವೆ, ಅವುಗಳ ಜೊತೆಗೇ ಕುಣಿತದ ಗತ್ತುಗಳೂ ಇವೆ. ಮನೆಯವರು ಅವಳಿಂದ ಏನು ಕೇಳಬಯಸಿದ್ದರೋ ಅದೂ, ಅವಳ ಬೆರಳಿಗೆ ಏನು ಹಿತವಾಗಿತ್ತೋ ಅದೂ ಒಂದೇ ಹೊಲಿಗೆಯಲ್ಲಿ. ಎರಡಕ್ಕೂ ಪೆಟ್ಟಿಗೆ ಒಂದೇ.

ಫಿಟ್ಸ್‌ವಿಲಿಯಂ ಪುಸ್ತಕ 1894ರಿಂದ 1899ರ ನಡುವೆ ಅಚ್ಚಾದ ಮೇಲೆ ಈ ಸಂಗೀತ ಮತ್ತೆ ಕೈಗೆ ಸಿಕ್ಕಿತು. ಕೆನಡಾದ ಪಿಯಾನೊ ವಾದಕ ಗ್ಲೆನ್ ಗೂಲ್ಡ್‌ಗೆ ಗಿಬನ್ಸ್ ಎಂದರೆ ಪ್ರಾಣ, ಬರ್ಡ್ ಮತ್ತು ಗಿಬನ್ಸ್‌ರ ಕೃತಿಗಳನ್ನು ಪಿಯಾನೊದಲ್ಲಿ ನುಡಿಸಿ ಧ್ವನಿಮುದ್ರಿಸಿದ. ಅವನದು ಅದ್ಭುತವೇ, ಆದರೆ ತುಂಬ ನಯ. ಅಂತರ ತಿಳಿಯಬೇಕಾದರೆ ಬರ್ಡ್‌ನ 'ದ ಬೆಲ್ಸ್' ಕೇಳಬೇಕು. ಎಡಗೈಯಲ್ಲಿ ಬರೀ ಎರಡು ಸ್ವರ, ಗಂಟೆ ತೂಗಿದ ಹಾಗೆ ಕೊನೆಯವರೆಗೂ ಅವೇ. ಅವುಗಳ ಮೇಲೆ ಒಂದೊಂದಾಗಿ ಇಡೀ ಊರಿನ ಚರ್ಚುಗಳ ಗಂಟೆಗಳು ಸೇರಿಕೊಳ್ಳುತ್ತವೆ. ಮೊದಲು ಪಿಯಾನೊದಲ್ಲಿ ಕೇಳಿ, ಆಮೇಲೆ ಮ್ಯೂಸಲಾರ್‌ನಲ್ಲಿ ಯಾರಾದರೂ ನುಡಿಸಿದ್ದನ್ನು ಹುಡುಕಿ ಕೇಳಿ, ಇಯರ್‌ಫೋನ್ ಹಾಕಿಕೊಂಡು. ಜ್ಯಾಕ್‌ಗಳು ಕೆಳಗೆ ಬೀಳುವ ಕಟಕಟ, ಮಂದ್ರದಲ್ಲಿ ವಾನ್ ಬ್ಲಾಂಕನ್‌ಬರ್ಗ್ ಹೇಳಿದ ಹಂದಿಮರಿಗಳು, ಎಲ್ಲ ಸ್ಪಷ್ಟವಾಗಿ ಕೇಳಿಸುತ್ತವೆ.